ನೋಟಿಸಿನ ಎರಡನೇ ಹಾಳೆ

ಬಂಗಾರಪೇಟೆಯಲ್ಲಿ ನಾನು ಮ್ಯಾನೇಜರ್ ಆಗಿರುವ ಕಲ್ಯಾಣ ಮಂಟಪ ಅಂಥ ದೊಡ್ಡದೇನಲ್ಲ. ಕೆಳಗೆ ಊಟದ ಹಾಲು, ಮೇಲೆ ಮದುವೆ ಹಾಲು, ಪಕ್ಕದಲ್ಲಿ ಗಂಡಿನ ಕಡೆಗೊಂದು ಹೆಣ್ಣಿನ ಕಡೆಗೊಂದು ರೂಮು. ರೈಲು ಹೋದಾಗಲೆಲ್ಲ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಮ್ಯಾನೇಜರ್ ಅಂದ ಮಾತ್ರಕ್ಕೆ ಕುರ್ಚಿಯಲ್ಲಿ ಕೂತು ಸಹಿ ಹಾಕುವವಳು ಅಂದುಕೊಳ್ಳಬೇಡಿ. ನಲ್ಲಿಯಲ್ಲಿ ನೀರು ನಿಂತರೆ ನಾನು, ಬೀಗರಿಗೆ ಕಾಫಿ ಸಾಲದಿದ್ದರೆ ನಾನು, ಗಂಡಿನ ಚಿಕ್ಕಪ್ಪನ ಚಪ್ಪಲಿ ಕಳೆದರೂ ನಾನೇ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಜನ ಹೇಳುತ್ತಾರೆ. ವರ್ಷಗಟ್ಟಲೆ ಬೇರೆಯವರ ಮದುವೆ ಮಾಡಿಸಿದವಳಿಗೆ ಇನ್ನೆಲ್ಲಿರಬೇಕು ಅದು?

ಆ ನೋಟಿಸು ಬಂದದ್ದು ಮಾಘದ ಲಗ್ನಗಳು ಶುರುವಾಗುವುದಕ್ಕೆ ಒಂದು ವಾರ ಮುಂಚೆ. ಹಾಡುಗಳ ಹಕ್ಕು ಇಟ್ಟುಕೊಂಡಿರುವ ಒಂದು ಕಂಪನಿಯಿಂದ, ಎರಡು ಹಾಳೆ, ಪೂರ್ತಿ ಇಂಗ್ಲಿಷು. ನಮ್ಮ ಯಜಮಾನರು ಕನ್ನಡಕ ಏರಿಸಿ ಮೊದಲ ಹಾಳೆ ಓದಿದರು. ಹೋಟೆಲು, ಅಂಗಡಿ, ಸಭಾಂಗಣ, ಜನ ಸೇರುವ ಯಾವ ಜಾಗದಲ್ಲೇ ಆಗಲಿ ರೆಕಾರ್ಡಿನ ಹಾಡು ಹಾಕಬೇಕಾದರೆ ಲೈಸೆನ್ಸ್ ಬೇಕು, ಇಲ್ಲದೆ ಹಾಕಿದರೆ ಕೋರ್ಟು ಅಂತ ಅದರಲ್ಲಿತ್ತು. ಎರಡನೇ ಹಾಳೆಯನ್ನು ಅವರೂ ತಿರುವಲಿಲ್ಲ, ನಾನೂ ತಿರುವಲಿಲ್ಲ. ಹೆದರುವುದಕ್ಕೆ ಮೊದಲನೆಯದೇ ಸಾಕಾಗಿತ್ತು.

"ಕಾಸು ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದಿದೀನಲ್ಲಮ್ಮಾ, ಅದು ನಂದಲ್ವಾ?" ಅಂದರು ಯಜಮಾನರು.

"ಪೆನ್‌ಡ್ರೈವ್ ನಿಮ್ಮದು ಸಾರ್. ಒಳಗಿರೋದು ಅವರದ್ದಂತೆ."

ಅವರು ಎದ್ದರು. ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳ ಹಿಂದೆ ಇಟ್ಟು, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಬಾಗಿಲಲ್ಲಿ ಒಂದು ಕಾಗದ ಅಂಟಿಸಲು ಹೇಳಿದರು: ಇಲ್ಲಿ ಸ್ಪೀಕರ್ ಹಾಕುವಂತಿಲ್ಲ, ಹೊರಗಿನಿಂದ ತರುವಂತೆಯೂ ಇಲ್ಲ. ಅಂಟಿಸಿದೆ.

ಹಾಡಿಲ್ಲದ ಮೊದಲ ಮದುವೆ ಬೇತಮಂಗಲದ ಕಡೆಯವರದ್ದು. ವಾಲಗದವರು ಇದ್ದರು, ಆದರೆ ಅವರು ಮುಹೂರ್ತಕ್ಕೆ ಸರಿಯಾಗಿ ಬಂದು ಧಾರೆ ಮುಗಿಯುತ್ತಲೇ ಮುಂದಿನ ಛತ್ರಕ್ಕೆ ಓಡುವವರು. ಮಿಕ್ಕ ಹೊತ್ತು ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ. ಜನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತ ಹಾಗೆ ಸಾಲಾಗಿ ಕೂತರು. ಸದ್ದಿಲ್ಲದ್ದರಿಂದ ಎಲ್ಲರ ಮಾತು ಎಲ್ಲರಿಗೂ ಕೇಳಿಸಿತು. ಕೊಟ್ಟ ಸೀರೆ ಸಾಲದು ಅಂತ ಯಾರೋ ಪಿಸುಗುಟ್ಟಿದ್ದು ಕೊಟ್ಟವರ ಕಿವಿಗೇ ಬಿದ್ದು ಜಗಳವಾಯಿತು. ಹೆಣ್ಣಿನ ತಂದೆ ನನ್ನ ಹತ್ತಿರ ಬಂದು, "ಏನಮ್ಮಾ ಇದು, ಮದುವೆ ಮನೆನಾ ಸೂತಕದ ಮನೆನಾ?" ಅಂದರು. ಬಾಗಿಲಿನ ಕಾಗದ ತೋರಿಸಿದೆ.

ಆಗ ನೆನಪಾದದ್ದು ನಮ್ಮಮ್ಮ.

ಅಮ್ಮ ಇರುವುದು ಕ್ಯಾಸಂಬಳ್ಳಿ ಹತ್ತಿರದ ನಮ್ಮ ಊರಿನಲ್ಲಿ. ಕೂಲಿ ಮಾಡಿ ನನ್ನನ್ನು ಪಿಯುಸಿ ಓದಿಸಿದವಳು, ಈಗಲೂ ಸುಮ್ಮನಿರದೆ ಟೊಮೇಟೊ ಬಿಡಿಸಲು ಹೋಗುತ್ತಾಳೆ. ಒಂದು ಕಾಲಕ್ಕೆ ಸುತ್ತಲಿನ ಯಾವ ಮದುವೆಯೂ ಅವಳ ಸೋಬಾನೆ ಪದವಿಲ್ಲದೆ ಆಗುತ್ತಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಹೆಣ್ಣುಗಂಡಿನ ಹೆಸರು, ಅವರ ಊರು, ಅವರತ್ತೆಯ ಹೆಸರು, ಎಲ್ಲ ಸೇರಿಸಿ ಹೇಳುವಳು. ಆಮೇಲೆ ಹಳ್ಳಿ ಹಳ್ಳಿಗೂ ಡಿಜೆ ಬಾಕ್ಸು ಬಂತು. ಅವಳ ಸ್ವಂತ ಅಣ್ಣನ ಮೊಮ್ಮಗಳ ಮದುವೆಯಲ್ಲಿ, ಹಸೆಯ ಪದ ಅರ್ಧಕ್ಕೆ ಬಂದಿದ್ದಾಗ, ಬಾಕ್ಸಿನವನು ಕೈಯಿಂದ ಮೈಕು ಕಿತ್ತುಕೊಂಡು, "ಸಾಕು ಬಿಡಜ್ಜಿ, ಜನ ಬೋರಾಗ್ತಾವ್ರೆ" ಅಂದ. ನಾಲ್ಕು ಜನ ನಕ್ಕರು. ಅಮ್ಮ ಸೆರಗು ಕೊಡವಿಕೊಂಡು ಎದ್ದಳು. ಅವತ್ತಿನಿಂದ ಯಾವ ಮದುವೆಯಲ್ಲೂ ಬಾಯಿ ತೆರೆದಿರಲಿಲ್ಲ. ಹೋಗುವಳು, ಮುಯ್ಯಿ ಮಾಡುವಳು, ಉಂಡು ಬರುವಳು. ನಕ್ಕವರಲ್ಲಿ ಒಬ್ಬರನ್ನೂ ನಾನು ಇನ್ನೂ ಮರೆತಿಲ್ಲ.

ಫೋನ್ ಮಾಡಿ, "ಅಮ್ಮಾ, ನಾಡಿದ್ದು ಮದುವೆಗೆ ಬಂದು ಪದ ಹೇಳ್ಬೇಕು" ಅಂದೆ.

"ಯಾಕೆ, ನಿಮ್ಮ ಡಬ್ಬ ಕೆಟ್ಟೋಯ್ತಾ?"

"ಅದಕ್ಕೆ ಲೈಸೆನ್ಸ್ ಬೇಕಂತೆ."

"ಮತ್ತೆ ನಂಗೆ ಬ್ಯಾಡ್ವಾ?"

"ನಿನ್ನ ಪದಕ್ಕೆ ಮಾಲೀಕರು ಯಾರೂ ಇಲ್ಲಮ್ಮ. ಯಾರು ಕೇಳ್ತಾರೆ?"

ಬೈಗುಳಕ್ಕೆ ನಾನು ಕಿವಿ ಸಿದ್ಧಮಾಡಿಕೊಂಡಿದ್ದೆ. "ಎಷ್ಟೊತ್ತಿನ ಬಸ್ಸಿಗೆ ಬರ್ಲಿ?" ಅಂದಳು.

ಟೊಮೇಟೊ ತೋಟಕ್ಕೆ ಜೊತೆಗೆ ಹೋಗುವ ಮೂವರು ಹೆಂಗಸರನ್ನೂ ಕರೆದುಕೊಂಡು ಬಂದಳು. ಮೊದಲ ಪದ ಎತ್ತುವಾಗ ಕೆಮ್ಮಿದಳು, ನೀರು ಕುಡಿದಳು. ಎರಡನೆಯದಕ್ಕೆ ಕುತ್ತಿಗೆ ನರ ಉಬ್ಬಿ ಹಳೇ ದನಿ ಬಂತು. ನಾನು ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡೆ, ನೆಗಡಿ ಅಂತ ಹೇಳಿದೆ.

ಪದ ಅಂದರೆ ಬರೀ ಹಾಡಲ್ಲ ಅನ್ನುವುದನ್ನು ನಾನೂ ಮರೆತುಬಿಟ್ಟಿದ್ದೆ. ಪ್ರತಿ ಶಾಸ್ತ್ರಕ್ಕೂ ಅದರದ್ದೇ ಪದ, ಮುಂದೆ ಯಾರು ಏನು ಮಾಡಬೇಕು ಅನ್ನುವುದೂ ಆ ಪದದಲ್ಲೇ ಇರುತ್ತದೆ. ಎಣ್ಣೆ ಪದ ಎತ್ತಿದರೆ ಸೋದರತ್ತೆ ಬಟ್ಟಲು ಹಿಡಿದು ಬರಬೇಕು. ಬರಲಿಲ್ಲವೋ, ಅವಳ ಹೆಸರು ಹಿಡಿದು ಅದೇ ಸಾಲನ್ನು ತಿರುಗಿ ತಿರುಗಿ ಹೇಳುತ್ತಾರೆ, ಸೇರಿದವರೆಲ್ಲ ನಗುತ್ತಾರೆ, ಎಲ್ಲೋ ಹರಟೆ ಹೊಡೆಯುತ್ತಿದ್ದ ಅತ್ತೆ ಎದ್ದೆನೋ ಬಿದ್ದೆನೋ ಅಂತ ಓಡಿಬರುತ್ತಾಳೆ. ನಾನು ಇಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದು ಕಿರುಚಿ ಮಾಡಿಸುತ್ತಿದ್ದ ಕೆಲಸವನ್ನು ಅಮ್ಮ ಕೂತಲ್ಲೇ ಮಾಡಿಸಿದಳು. ನಮ್ಮ ಅಡುಗೆ ಭಟ್ಟ ಕೆಜಿಎಫ್‌ನ ಮೈನಿಂಗ್ ಲೈನ್ ಮನೆಗಳಲ್ಲಿ ಬೆಳೆದವನು, ಮೂರು ಭಾಷೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾನೆ. ಅವನು ಸೌಟು ಹಿಡಿದುಕೊಂಡೇ ಬಂದು ಹೇಳಿದ, "ಅಕ್ಕಾ, ಹಸೆ ಪದ ಎತ್ತಿದ್ರೆ ಅನ್ನಕ್ಕೆ ನೀರಿಡ್ತೀನಿ, ಆರತಿ ಪದ ಎತ್ತಿದ್ರೆ ಎಲೆ ಹಾಕಿಸ್ತೀನಿ. ವಾಚೇ ವೇಂಡಾಂ, ಬೇಡವೇ ಬೇಡ."

ಒಂದಾದ ಮೇಲೊಂದು ಮದುವೆಗೆ ಅಮ್ಮ ಬಂದಳು. ಇಸ್ತ್ರಿ ಹಾಕಿದ ಸೀರೆ ಉಡತೊಡಗಿದಳು. ಬಸ್ಸಿನಲ್ಲಿ ಬರುವಾಗ ಹೆಣ್ಣುಗಂಡಿನ ಮನೆತನ ವಿಚಾರಿಸಿಕೊಂಡು ಪದದಲ್ಲಿ ಸೇರಿಸುವ ಹೆಸರುಗಳನ್ನು ಬಾಯಿಪಾಠ ಮಾಡುವಳು, ತಪ್ಪಿದ ಜೊತೆಗಾತಿಯರನ್ನು ಗದರುವಳು. ಫೋನಿನಲ್ಲಿ ಮಂಡಿ ನೋವು, ಸೊಂಟ ನೋವು ಅನ್ನುತ್ತಿದ್ದವಳು ಈಗ ಮುಂದಿನ ಲಗ್ನ ಯಾವತ್ತು ಅಂತ ಕೇಳತೊಡಗಿದಳು. ನನಗೆ ಆ ನೋಟಿಸಿನ ಮೇಲೆ ಪ್ರೀತಿಯೇ ಹುಟ್ಟಿತು.

ಇತ್ತ ಯಜಮಾನರಿಗೆ ಬೇರೆ ಚಿಂತೆ. ಹುಟ್ಟುಹಬ್ಬ, ನಿವೃತ್ತಿ ಸಮಾರಂಭ ಅಂತ ಬರುವವರು ಬಾಗಿಲಿನ ಕಾಗದ ಓದಿ ಹಾಗೇ ತಿರುಗಿ ಹೋಗುತ್ತಿದ್ದರು. ಲೈಸೆನ್ಸ್ ತೆಗೆದುಕೊಂಡೇ ಬಿಡೋಣ ಅಂತ ತೀರ್ಮಾನಿಸಿ, ಕಾಗದಪತ್ರ ಕೊಟ್ಟು ನನ್ನನ್ನು ರಾಬರ್ಟ್‌ಸನ್‌ಪೇಟೆಯ ಒಬ್ಬ ನೋಟರಿಯ ಹತ್ತಿರ ಕಳಿಸಿದರು. ವಯಸ್ಸಾದ ಮನುಷ್ಯ, ಮೆತ್ತಗೆ ಮಾತಾಡುವವರು. ನೋಟಿಸು ಇಸಿದುಕೊಂಡು, ನಾವು ಯಾರೂ ಮಾಡದ ಕೆಲಸ ಮಾಡಿದರು, ಹಾಳೆ ತಿರುವಿದರು.

"ಮದುವೆಗೂ ನಿಲ್ಲಿಸಿಬಿಟ್ಟಿದೀರಾ? ಯಾಕಮ್ಮಾ?"

"ಲೈಸೆನ್ಸ್ ಇಲ್ಲ ಸಾರ್, ಅದಕ್ಕೆ."

"ಮದುವೆಗೆ ಬೇಡ. ಧಾರ್ಮಿಕ ಕಾರ್ಯ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮ, ಇಷ್ಟಕ್ಕೂ ಕಾನೂನಲ್ಲೇ ವಿನಾಯಿತಿ ಇದೆ. ನೋಡಿ, ಅವರೇ ಇಲ್ಲಿ ಬರೆದಿದಾರೆ. ನೀವು ತಗೋಬೇಕಾದ್ದು ಹುಟ್ಟುಹಬ್ಬ, ಕಂಪನಿ ಪಾರ್ಟಿ, ಹೊಸ ವರ್ಷ, ಇಂಥದಕ್ಕೆ. ಅದರಲ್ಲೂ ಹಾಡು ಕಟ್ಟಿದೋರ ಹಕ್ಕು ಒಂದು, ರೆಕಾರ್ಡ್ ಮಾಡಿದೋರ ಹಕ್ಕು ಇನ್ನೊಂದು. ಎರಡೂ ವಿಚಾರಿಸಿ ತಗೊಳ್ಳಿ, ಒಂದು ತಗೊಂಡು ಆಯ್ತು ಅಂದ್ಕೋಬೇಡಿ."

ನೋಟರಿಗಳು ಇನ್ನೂ ಏನೇನೋ ಹೇಳಿದರು, ತಲೆಗೆ ಹೋಗಲಿಲ್ಲ. ಮದುವೆಗೆ ಡಬ್ಬ ಹಾಕಬಹುದು. ಹಾಕಿದರೆ ಅಮ್ಮನನ್ನು ಯಾರು ಕರೆಯುತ್ತಾರೆ? ಮತ್ತೆ ಮಂಡಿ ನೋವು, ಸೊಂಟ ನೋವು, ಮತ್ತೆ ಮುಯ್ಯಿ ಮಾಡಿ ಉಂಡು ಬರುವುದು. ಬಂಗಾರಪೇಟೆ ಬಸ್ಸು ಹತ್ತಿದ ಮೇಲೆ ಎರಡನೇ ಹಾಳೆಯನ್ನು ಪಿನ್ನಿನಿಂದ ಬಿಡಿಸಿ, ಮಡಿಚಿ, ಪರ್ಸಿನ ಒಳಜೇಬಿಗೆ ತುರುಕಿದೆ. ಯಜಮಾನರಿಗೆ, "ಅರ್ಜಿ ತಯಾರಾಗ್ತಿದೆ ಸಾರ್, ಸ್ವಲ್ಪ ದಿನ ಆಗುತ್ತೆ" ಅಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಛತ್ರದ ಕೆಲಸದಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ ಅವತ್ತಿನ ತನಕ, ಅದೇ ನನ್ನ ಜಂಭವಾಗಿತ್ತು.

ಮುಂದಿನ ಮದುವೆಯ ಹೆಣ್ಣು ಕ್ಯಾಸಂಬಳ್ಳಿ ಕಡೆಯ ಹಾಲಿನ ವ್ಯಾಪಾರದವರ ಮಗಳು. ಮುನ್ನಾ ದಿನ ಸಂಜೆ ಆರತಕ್ಷತೆ. ಸ್ಟೇಜಿಗೆ ಬರುವಾಗ ಕುಣಿದುಕೊಂಡು ಬರಬೇಕು ಅಂತ ಆ ಹುಡುಗಿ, ಅವಳ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಣ್ಣುಮಕ್ಕಳು ಎಲ್ಲ ಸೇರಿ ಒಂದು ತಿಂಗಳು ಮನೆ ತಾರಸಿಯಲ್ಲಿ ಕಲಿತಿದ್ದರಂತೆ. ಅವಳ ತಂದೆ ಕೈ ಮುಗಿದು ಕೇಳಿದರು, "ಒಂದೇ ಒಂದು ಹಾಡಮ್ಮ. ಬಾಗಿಲು ಬೇಕಾದ್ರೆ ಹಾಕ್ಕೊಳ್ಳೋಣ."

"ಆಗಲ್ಲಣ್ಣ. ಲೈಸೆನ್ಸ್ ಇಲ್ಲ," ಅಂದೆ. ಪರ್ಸು ನನ್ನ ಕಂಕುಳಲ್ಲೇ ಇತ್ತು.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಜರಿ ಲಂಗ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಳು. ಅಮ್ಮನಿಗೆ ಪಾಪ ಅನ್ನಿಸಿ, ಸ್ಟೇಜಿನ ಪಕ್ಕದಿಂದ ಒಂದು ಪದ ಎತ್ತಿದಳು. ಆದರೆ ಆ ಪದದ ನಡೆಗೂ ಮಕ್ಕಳು ಕಲಿತ ಹೆಜ್ಜೆಗೂ ಎಲ್ಲಿಯ ಹೊಂದಿಕೆ? ಹುಡುಗಿ ಒಂದು ಕಾಲು ಎತ್ತಿದಳು, ಹಾಗೇ ಇಳಿಸಿದಳು. ಜೊತೆಯವರ ಕೈಗಳು ಅರ್ಧಕ್ಕೆ ನಿಂತವು. ಎಲ್ಲರೂ ಸುಮ್ಮನೆ ನಡೆದುಕೊಂಡು ಹೋಗಿ ಸ್ಟೇಜು ಹತ್ತಿದರು. ಅಮ್ಮನ ದನಿ ನಡುವೆ ಒಂದು ಸಲ ತಪ್ಪಿತು. ಅವಳು ಪದ ತಪ್ಪಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮಾರನೆಯ ದಿನ ಮದುವೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ನಾನೂ ಅಮ್ಮನ ಜೊತೆ ಊರಿಗೆ ಹೊರಟೆ. ಜೊತೆಗಾತಿಯರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು.

"ಆ ಲೈಸೆನ್ಸು ಯಾವಾಗ ಬತ್ತದೆ?" ಅಂದಳು ಅಮ್ಮ.

"ಬರುತ್ತೆ ಬಿಡು."

"ಒಂದು ದಿನ ಮುಂಚೆ ಬಂದಿದ್ರೆ ಆ ಉಡ್ಗಿ ಕುಣ್ಕೊಂಡು ಬತ್ತಿದ್ಲು. ಕಾಲೆತ್ತಿ ಅಂಗೇ ಇಳಿಸಿದ್ಲು ಕಣೇ. ನಂಗೆ ರಾತ್ರಿಯೆಲ್ಲಾ ಅದೇ."

ನನಗೆ ತಡೆಯಲಾಗಲಿಲ್ಲ. ಪರ್ಸಿನಿಂದ ಹಾಳೆ ತೆಗೆದು ಅವಳ ಮಡಿಲಿಗೆ ಹಾಕಿದೆ. ಅವಳಿಗೆ ಇಂಗ್ಲಿಷು ಬರುವುದಿಲ್ಲ, ಅಕ್ಷರವೇ ಬರುವುದಿಲ್ಲ. ನಾನೇ ಹೇಳಿದೆ, ಮದುವೆಗೆ ಲೈಸೆನ್ಸ್ ಬೇಡವೇ ಬೇಡ, ನನಗೆ ಗೊತ್ತಾಗಿ ಹನ್ನೊಂದು ದಿನವಾಯಿತು, ಹೇಳಿದರೆ ನಿನ್ನನ್ನು ಯಾರೂ ಕರೆಯುವುದಿಲ್ಲ ಅಂತ ಬಚ್ಚಿಟ್ಟೆ.

ಅಮ್ಮ ನನ್ನನ್ನೇ ನೋಡಿದಳು. ಚಿಕ್ಕಂದಿನಲ್ಲಿ ಯಾರದೋ ತೋಟದ ಸೀಬೆ ಕಿತ್ತು ಸಿಕ್ಕಿಬಿದ್ದಾಗ ನೋಡಿದ ನೋಟ ಅದೇ.

"ನನ್ನ ಗಂಟಲಿಗೋಸ್ಕರ ಆ ಮಗೀನ ಕಾಲು ಕಟ್ಟಾಕ್ದಾ?"

"ಅಮ್ಮಾ, ಅವತ್ತು ನಿನ್ನ ಕೈಯಿಂದ ಮೈಕು ಕಿತ್ತುಕೊಂಡ್ರಲ್ಲ..."

"ಅವ್ನು ನಂದು ಕಿತ್ಕೊಂಡ. ನೀನು ಅವಳ್ದು ಕಿತ್ಕೊಂಡೆ. ಏನ್ ವ್ಯತ್ಯಾಸ? ಅವ್ನು ಎದುರಿಗೆ ಕಿತ್ಕೊಂಡ, ನೀನು ಬೆನ್ನಿಂದೆ. ಇಂಗೆ ಸಿಗೋ ಮರ್ವಾದಿ ನಂಗೆ ಬ್ಯಾಡ ಕಣೇ." ಬಸ್ಸಿನಲ್ಲಿ ನಾಲ್ಕು ತಲೆ ತಿರುಗಿದವು. ಅಮ್ಮ ದನಿ ತಗ್ಗಿಸಲಿಲ್ಲ. "ಇಳಿ ಇಲ್ಲೇ. ವಾಪಸ್ಸು ಓಗು. ನಿಮ್ಮ ಯಜಮಾನ್ರಿಗೆ ಏಳು. ಆ ಉಡ್ಗಿ ಅಪ್ಪನಿಗೂ ಏಳು."

ಹಾಳೆ ಎತ್ತಿಕೊಂಡು ಇಳಿದೆ. ನಲವತ್ತು ದಾಟಿದ ಹೆಂಗಸು, ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿಕೊಂಡವಳು, ಎದುರಿನಿಂದ ಬರುವ ಬಸ್ಸಿಗೆ ಕಾಯುತ್ತ ನಿಂತೆ.

ಯಜಮಾನರು ಹಾಳೆಯನ್ನು ಎರಡು ಸಲ ಓದಿದರು. ಕೆಲಸ ಹೋಯಿತು ಅಂದುಕೊಂಡೇ ನಿಂತಿದ್ದೆ. "ನಿನ್ನ ಮೇಲೆ ಇಡೀ ಛತ್ರ ಬಿಟ್ಟು ಮನೇಲಿ ನಿದ್ದೆ ಮಾಡ್ತಿದ್ದೆ ನಾನು," ಅಂದರು. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಆಮೇಲೆ ಅವರೇ, "ಮೊದಲ ದಿನ ನಾನು ತಿರುವಿದ್ರೆ ನಿನಗೆ ಬಚ್ಚಿಡೋಕೆ ಏನೂ ಇರ್ತಿರಲಿಲ್ಲ ಬಿಡು" ಅಂದು ಸ್ಟೋರ್ ರೂಮಿನ ಬೀಗ ತೆಗೆದರು. "ಇನ್ನು ನಿಮ್ಮಮ್ಮಂಗೆ ತೊಂದರೆ ಕೊಡೋದು ಬೇಡ," ಅಂತಲೂ ಸೇರಿಸಿದರು. ಅದು ನನಗೆ ಕೊಟ್ಟ ಶಿಕ್ಷೆಯೋ ಅಲ್ಲವೋ, ತಟ್ಟಿದ್ದು ಸರಿಯಾದ ಜಾಗಕ್ಕೇ.

ಹುಡುಗಿಯ ತಂದೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು, "ಗುರುವಾರ ಬೀಗರ ಊಟ ನಿಮ್ಮ ಛತ್ರದಲ್ಲೇ ಅಲ್ವಾ? ಅದಕ್ಕೆ ಹಾಡು ಹಾಕಬಹುದಾ?" ಅಂತ ಕೇಳಿದರು. ನಾನು ನೋಟರಿಗಳಿಗೆ ಫೋನ್ ಮಾಡಿದೆ. "ಬೀಗರ ಊಟ ಮದುವೆಗೆ ಸೇರಿದ ಸಂಭ್ರಮ ಅಲ್ಲದೆ ಇನ್ನೇನಮ್ಮಾ?" ಅಂತ ಅವರು ನಕ್ಕರು.

ಗುರುವಾರ ಮಧ್ಯಾಹ್ನ ಅಮ್ಮ ಬಂದಳು. ಯಾರೂ ಕರೆದಿರಲಿಲ್ಲ. ಜೊತೆಗಾತಿಯರೂ ಇದ್ದರು. "ಪದ ಏಳಕ್ಕಲ್ಲ, ಆ ಉಡ್ಗಿ ಕುಣಿಯೋದು ನೋಡಕ್ಕೆ," ಅಂತ ಹಿಂದಿನ ಸಾಲಿನಲ್ಲಿ ಕೂತರು. ಆಂಪ್ಲಿಫೈಯರಿನ ಮೇಲಿನ ಅಕ್ಕಿ ಧೂಳನ್ನು ನಾನೇ ಒರೆಸಿ ಹಾಡು ಹಾಕಿದೆ. ಹುಡುಗಿ ಕುಣಿದಳು. ಒಂದು ತಿಂಗಳು ತಾರಸಿಯಲ್ಲಿ ಕಲಿತ ಹೆಜ್ಜೆ ಒಂದೂ ತಪ್ಪಲಿಲ್ಲ. ಗಂಡಿನ ಅಜ್ಜಿ ಶಿಳ್ಳೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ಹಿಂದಿನ ಸಾಲು.

ಹಾಡು ಮುಗಿಯಿತು. ಇನ್ನೊಂದು ಹಾಕಲು ನಾನು ಕೈ ಚಾಚಿದಾಗ ಹುಡುಗಿಯೇ ಓಡಿಬಂದು, "ಸ್ವಲ್ಪ ಆಫ್ ಮಾಡಿ ಆಂಟಿ" ಅಂದಳು. ನೇರವಾಗಿ ಹಿಂದಿನ ಸಾಲಿಗೆ ಹೋಗಿ, ಬೆವರು ಒರೆಸಿಕೊಳ್ಳುತ್ತ ಅಮ್ಮನ ಮುಂದೆ ಕೂತಳು. "ಅಜ್ಜೀ, ನಮ್ಮ ಬೀಗರನ್ನ ಆಡ್ಕೊಂಡು ಒಂದು ಪದ ಹೇಳಿ. ಮದುವೆ ದಿನ ನೀವು ನಮ್ಮ ಸೋದರತ್ತೇನ ಹೆಸರಿಡಿದು ಕರೆದಿದ್ದು ಆ ಕಡೆಯೋರೆಲ್ಲ ಇನ್ನೂ ಹೇಳ್ಕೊಂಡು ನಗ್ತಾವ್ರೆ."

ಅಮ್ಮ ನನ್ನ ಕಡೆ ನೋಡಿದಳು. ನಾನು ಮೈಕು ತಂದು ಅವಳ ಕೈಗೆ ಕೊಟ್ಟೆ.

ಗಂಡಿನ ಮಾವ ಏಳು ಮುದ್ದೆ ನುಂಗಿ ಎಂಟನೆಯದಕ್ಕೆ ಎಲೆ ಚಾಚಿದ್ದು, ಬೀಗತಿ ಹಣೆಗಿಡುವ ಕುಂಕುಮವನ್ನು ಸಾರಿನ ಖಾರ ಅಂದುಕೊಂಡದ್ದು, ಒಂದೊಂದನ್ನೂ ಕೂತಲ್ಲೇ ಕಟ್ಟಿ ಹೇಳಿದಳು. ಗಂಡಿನ ಕಡೆಯ ಹೆಂಗಸರು ಬಿಡುತ್ತಾರೆಯೇ? ಅವರಲ್ಲೊಬ್ಬರು ತೆಲುಗಿನಲ್ಲಿ ತಿರುಗಿಸಿ ಕೊಟ್ಟರು. ಮೆಟ್ಟಿಲ ಮೇಲೆ ನಿಂತಿದ್ದ ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಡುಗೆ ಭಟ್ಟ ಅವರ ಪಕ್ಕಕ್ಕೆ ಬಂದು, "ಸಾರ್, ಸೋಮವಾರದ ಮದುವೇಲಿ ಅನ್ನಕ್ಕೆ ಯಾವಾಗ ನೀರಿಡ್ಲಿ? ಇವ್ರು ಬರ್ತಾರಾ ಇಲ್ವಾ, ಅಷ್ಟು ಹೇಳಿ" ಅಂದ.

"ನನ್ನ ಕೇಳ್ತೀಯಲ್ಲಯ್ಯಾ, ಅವ್ರನ್ನ ಕೇಳು," ಅಂದರು ಯಜಮಾನರು.

ಅಮ್ಮ ಒಂದು ಕರಾರು ಹಾಕಿದಳು. ಡಬ್ಬವೂ ಇರಲಿ, ಮಕ್ಕಳು ಕುಣಿಯಲಿ, ಶಾಸ್ತ್ರದ ಹೊತ್ತಿಗೆ ಮಾತ್ರ ಅದರ ಬಾಯಿ ಮುಚ್ಚಬೇಕು. ಈಗ ಹಾಗೇ ನಡೆದುಕೊಂಡು ಬಂದಿದೆ.

ಹುಟ್ಟುಹಬ್ಬ, ಪಾರ್ಟಿಗಳಿಗೆ ಲೈಸೆನ್ಸ್ ತೆಗೆದುಕೊಂಡಿದ್ದೇವೆ, ಕಟ್ಟಿದವರದ್ದು ಒಂದು, ರೆಕಾರ್ಡಿನವರದ್ದು ಒಂದು. "ಕಟ್ಟಿದೋನಿಗೂ ಕೂಲಿ ಸಿಗ್ಬೇಕಲ್ಲ," ಅಂದಳು ಅಮ್ಮ, ಕೂಲಿಯ ವಿಷಯದಲ್ಲಿ ಅವಳಿಗೆ ಅನುಮಾನವೇ ಇಲ್ಲ. ಯಜಮಾನರು ಆ ಎರಡು ಕಾಗದಕ್ಕೂ ಫ್ರೇಮ್ ಹಾಕಿಸಿ, ದೇವರ ಪಟದ ಪಕ್ಕ ತೂಗುಹಾಕಿ ಕುಂಕುಮವನ್ನೂ ಇಟ್ಟಿದ್ದಾರೆ. ಈಗ ಯಾವ ಕಾಗದ ಬಂದರೂ ನಾನು ಮೊದಲು ಕೊನೆಯ ಹಾಳೆ ನೋಡುತ್ತೇನೆ.

ಆ ಅರ್ಜಿ ತುಂಬುತ್ತಿದ್ದ ದಿನ ಅಮ್ಮ ನನ್ನ ಮೇಜಿನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಛತ್ರದಲ್ಲಿ ಯಾವ ಹಾಡು ಹಾಕುತ್ತೀರಿ, ಅದರ ಮಾಲೀಕರು ಯಾರು ಅಂತ ಒಂದು ಪಟ್ಟಿ ಇತ್ತು. ತಮಾಷೆಗೆ ಕೇಳಿದೆ, "ನಿನ್ನ ಪದಕ್ಕೆ ಮಾಲೀಕರು ಯಾರು ಅಂತ ಬರೀಲಮ್ಮಾ? ಯಾರೂ ಇಲ್ಲ ಅಂತಲಾ?"

"ಯಾಕಿಲ್ಲ?" ಅಂದಳು. ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಲಿಲ್ಲ. "ಯಾರ ಮದ್ವೆನೋ ಅವ್ರದ್ದು. ಅವ್ರ ಎಸ್ರು ಸೇರಿಸ್ದೆ ನಾನು ಯಾವತ್ತು ಪದ ಏಳಿದೀನಿ? ಸೋಮ್ವಾರದ ಉಡ್ಗಿ ಎಸ್ರೇನು, ಅದ್ನ ಮೊದ್ಲು ಏಳು."